ಬಿಕ್ಕಟ್ಟಿನ ಮೊದಲ ಗಂಟೆಯಲ್ಲಿ ಸಂಸ್ಥೆಯ ಪರವಾಗಿ ಮಾತನಾಡಬೇಕಾದವರು ಯಾರು? ಅದಕ್ಕೆ ಮುಂಚಿತವಾಗಿ ಸಿದ್ಧವಾಗುವುದು ಹೇಗೆ?

ಹೊಸಪುಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸುಮಾರು 600 ಜನ ದುಡಿಯುವ ಒಂದು ತಯಾರಿಕಾ ಸಂಸ್ಥೆಯ ಸಂವಹನ ವಿಭಾಗದಲ್ಲಿ ನಾನಿದ್ದೇನೆ. ಕಳೆದ ವರ್ಷ ಒಂದು ಸಂಜೆ ನಮ್ಮ ಉಗ್ರಾಣದಲ್ಲಿ ಬೆಂಕಿ ಕಾಣಿಸಿಕೊಂಡು, ಹೊಗೆ ಕುಡಿದ ಇಬ್ಬರು ಕಾರ್ಮಿಕರು ಆಸ್ಪತ್ರೆ ಸೇರಬೇಕಾಯಿತು. ಇಬ್ಬರೂ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ್ದಾರೆ. ಬೆಂಕಿಯೂ ಮುಕ್ಕಾಲು ಗಂಟೆಯೊಳಗೆ ಹತೋಟಿಗೆ ಬಂದಿತ್ತು. ಆದರೆ ನಾನು ಬರೆದ ಆರು ಸಾಲಿನ ಹೇಳಿಕೆ ಏಳು ಜನರ ಒಪ್ಪಿಗೆಗಾಗಿ ಮೇಜಿನಿಂದ ಮೇಜಿಗೆ ಅಲೆದು ಹೊರಬೀಳುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಅಷ್ಟರೊಳಗೆ ಯಾರೋ ಮೊಬೈಲಿನಲ್ಲಿ ಹಿಡಿದ ಹೊಗೆಯ ವಿಡಿಯೊ ಎಲ್ಲೆಡೆ ಹರಿದಾಡಿ, ಇಲ್ಲದ ಸಾವುಗಳ ಲೆಕ್ಕವೂ ಅದರೊಂದಿಗೆ ಬೆಳೆಯುತ್ತ ಹೋಗಿತ್ತು.

ನನ್ನನ್ನು ಇಂದಿಗೂ ಕಾಡುವುದು ಗೇಟಿನ ಬಳಿ ನಡೆದದ್ದು. ಕಾರ್ಮಿಕರೊಬ್ಬರ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ಕಾವಲುಗಾರರನ್ನು ಮತ್ತೆ ಮತ್ತೆ ಕೇಳುತ್ತಿದ್ದರು. “ನಮಗೇನೂ ಹೇಳಿಲ್ಲಮ್ಮಾ, ಯಾರನ್ನೂ ಒಳಗೆ ಬಿಡಬೇಡಿ ಅಂದಿದ್ದಾರೆ” ಎನ್ನುವುದರಾಚೆಗೆ ಅವರಿಗೆ ಹೇಳಲು ಏನೂ ಇರಲಿಲ್ಲ. ಆಕೆಯ ಗಂಡ ಆ ಹೊತ್ತಿಗೆ ಇನ್ನೊಂದು ಕಟ್ಟಡದಲ್ಲಿ ಕ್ಷೇಮವಾಗಿ ಕುಳಿತಿದ್ದರು. ಕೆಲಸದ ಜಾಗಕ್ಕೆ ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ಅವರು ಮನೆಗೆ ಕರೆ ಮಾಡಲು ದಾರಿಯಿರಲಿಲ್ಲ. ಆಕೆ ಎರಡು ಗಂಟೆಗೂ ಹೆಚ್ಚು ಕಾಲ ಗೇಟಿನಲ್ಲೇ ನಿಂತಿದ್ದರು.

ನಮ್ಮಲ್ಲಿ ಯೋಜನೆ ಇರಲಿಲ್ಲವೆಂದಲ್ಲ. 64 ಪುಟಗಳ ಕೈಪಿಡಿ ಕಪಾಟಿನಲ್ಲಿತ್ತು. ಅದರ ಸಂಪರ್ಕ ಪಟ್ಟಿಯಲ್ಲಿ ಮೊದಲ ಹೆಸರಿದ್ದವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಈಗ ಆಡಳಿತ ಮಂಡಳಿಯು ಎಲ್ಲವನ್ನೂ ಹೊಸದಾಗಿ ಸಿದ್ಧಪಡಿಸಲು ನನಗೆ ಹೇಳಿದೆ. ಬೆಂಕಿ ಬಿದ್ದಾಗ ಬಾವಿ ತೋಡುವ ಸ್ಥಿತಿ ಮತ್ತೆ ಬರಬಾರದು. ಮೊದಲ ಮಾತನ್ನು ಹೇಳುವ ಅಧಿಕಾರ ಯಾರಿಗಿರಬೇಕು, ಯಾವ ಬರಹಗಳು ಮೊದಲೇ ತಯಾರಿರಬೇಕು, ಜನರನ್ನು ಇದಕ್ಕೆ ಪಳಗಿಸುವುದು ಹೇಗೆ ಎಂಬುದನ್ನು ಇಂಥ ಸಂದರ್ಭಗಳನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

---

ಬೆಳಗಿನಪಾಳಿ:

ಮೂವತ್ತು ವರ್ಷ ಕಾರ್ಖಾನೆಗಳ ಸುರಕ್ಷತಾ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ಆ ಸಂಜೆ ನಿಮ್ಮ ಸಂಸ್ಥೆಯಲ್ಲಿ ಇಲ್ಲದೇ ಹೋದದ್ದು ಮುಖ್ಯವಾಗಿ ಒಂದು: ಮೇಲಿನವರನ್ನು ಕೇಳದೆ ಮೊದಲ ಮಾತನ್ನು ಹೊರಗೆ ಬಿಡುವ ಅಧಿಕಾರ. ಅದನ್ನು ಬಿಕ್ಕಟ್ಟಿನ ನಡುವೆ ಯಾರೂ ಕೊಡುವುದಿಲ್ಲ. ಶಾಂತವಾಗಿರುವಾಗಲೇ ಲಿಖಿತವಾಗಿ ಪಡೆದುಕೊಂಡಿರಬೇಕು. ಆ ಪಾಳಿಯಲ್ಲಿ ಹಾಜರಿರುವ ಅತ್ಯಂತ ಹಿರಿಯ ಅಧಿಕಾರಿ ಯಾರ ಒಪ್ಪಿಗೆಗೂ ಕಾಯದೆ ಮೊದಲ ಹೇಳಿಕೆಯನ್ನು ಬಿಡುಗಡೆ ಮಾಡಬಹುದು ಎಂದು ವ್ಯವಸ್ಥಾಪಕ ನಿರ್ದೇಶಕರ ಸಹಿಯಿರುವ ಒಂದು ಪುಟದ ಆದೇಶವನ್ನು ಮಾಡಿಸಿಕೊಳ್ಳಿ. ಅಧಿಕಾರಕ್ಕೆ ಗಡಿಯನ್ನೂ ಅಲ್ಲೇ ಹಾಕಿ: ಏನಾಯಿತು, ಎಲ್ಲಿ ಆಯಿತು, ಈಗ ನಾವು ಏನು ಮಾಡುತ್ತಿದ್ದೇವೆ, ಜನ ಏನು ಮಾಡಬೇಕು, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಎಂಬಿಷ್ಟು ಮಾತ್ರ. ಕಾರಣ, ತಪ್ಪು ಯಾರದು, ನಷ್ಟವೆಷ್ಟು, ಗಾಯಾಳುಗಳು ಯಾರು ಎಂಬ ಯಾವುದೂ ಅದರಲ್ಲಿ ಬರಕೂಡದು. ಈ ಗಡಿ ಸ್ಪಷ್ಟವಾಗಿದ್ದರೆ ನಿರ್ದೇಶಕರು ಸಹಿ ಹಾಕಲು ಹಿಂಜರಿಯುವುದಿಲ್ಲ ಎಂಬುದು ನನ್ನ ಅನುಭವ.

ಮೊದಲ ಹೇಳಿಕೆಯ ಅಚ್ಚು ಹೀಗಿರಬಹುದು: “ಇಂದು ____ ಗಂಟೆಗೆ ನಮ್ಮ ____ ವಿಭಾಗದಲ್ಲಿ ಬೆಂಕಿ ಕಾಣಿಸಿಕೊಂಡಿದೆ. ಅಲ್ಲಿದ್ದವರನ್ನು ಹೊರಗೆ ಕರೆತಂದು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದೇವೆ. ಅಗ್ನಿಶಾಮಕ ದಳ ಸ್ಥಳದಲ್ಲಿದೆ. ಕಾರಣ ನಮಗೆ ಇನ್ನೂ ತಿಳಿದಿಲ್ಲ. ಸಿಬ್ಬಂದಿಯ ಮನೆಯವರು ____ ಸಂಖ್ಯೆಗೆ ಕರೆ ಮಾಡಬಹುದು. ____ ಗಂಟೆಗೆ ಮತ್ತೆ ತಿಳಿಸುತ್ತೇವೆ. ಹೊಸದೇನೂ ಇಲ್ಲದಿದ್ದರೆ ಅದನ್ನೂ ಹೇಳುತ್ತೇವೆ.” ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಮುಂದಿನ ಮಾತಿಗೆ ಗಂಟೆ ಗೊತ್ತಾದರೆ ಜನ ಅಲ್ಲಿಯವರೆಗೆ ಕಾಯುತ್ತಾರೆ; ಗೊತ್ತಾಗದಿದ್ದರೆ ಆ ಜಾಗವನ್ನು ಗಾಳಿಮಾತು ತುಂಬುತ್ತದೆ.

ಅಚ್ಚು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಹವಾಯಿ ರಾಜ್ಯದ ಪ್ರಸಂಗವನ್ನು ನಾನು ತರಬೇತಿಯಲ್ಲಿ ಯಾವಾಗಲೂ ಹೇಳುತ್ತಿದ್ದೆ. 2018ರ ಜನವರಿ 13ರ ಬೆಳಿಗ್ಗೆ 8.07ಕ್ಕೆ, ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಭ್ಯಾಸವಲ್ಲ ಎಂಬ ಎಚ್ಚರಿಕೆ ಅಲ್ಲಿನ ಜನರ ಮೊಬೈಲುಗಳಿಗೆ ತಪ್ಪಾಗಿ ಹೋಯಿತು. ಅದು ಸುಳ್ಳೆಂದು ರಾಜ್ಯಪಾಲರಿಗೆ ಎರಡೇ ನಿಮಿಷದಲ್ಲಿ ತಿಳಿಯಿತು. ಆದರೂ ಅದೇ ಮೊಬೈಲುಗಳಿಗೆ ತಿದ್ದುಪಡಿ ತಲುಪಿದ್ದು 38 ನಿಮಿಷಗಳ ನಂತರ. ಎಚ್ಚರಿಕೆಯ ಸಂದೇಶ ಸಿದ್ಧವಾಗಿತ್ತು, “ಆ ಎಚ್ಚರಿಕೆ ತಪ್ಪು” ಎನ್ನುವ ಸಂದೇಶವನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ರಾಜ್ಯಪಾಲರು ಟ್ವಿಟರ್‌ನಲ್ಲಿ ಹೇಳಿದ್ದೂ 8.24ಕ್ಕೆ, ತಮ್ಮ ಖಾತೆಯ ಪಾಸ್‌ವರ್ಡ್ ನೆನಪಿರಲಿಲ್ಲವೆಂದು ಅವರೇ ಆಮೇಲೆ ಒಪ್ಪಿಕೊಂಡರು. ಆದ್ದರಿಂದ ಅಚ್ಚುಗಳ ಪಟ್ಟಿಯಲ್ಲಿ “ನಾವು ಮೊದಲು ಹೇಳಿದ್ದು ತಪ್ಪಾಗಿತ್ತು” ಎನ್ನುವುದೂ ಒಂದಿರಲಿ.

ವಕ್ತಾರರ ವಿಷಯ: ಒಬ್ಬರು ಮುಖ್ಯರು, ಇಬ್ಬರು ಬದಲಿಗಳು. ಮೂವರೂ ಒಂದೇ ದಿನ ರಜೆಯಲ್ಲಿರುವಂತಿಲ್ಲ.

---

ಕಡತಧಾರಿ:

ಬೆಳಗಿನಪಾಳಿಯವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ನಾನು ಕಾನೂನು ವಿಭಾಗದವನು. ಅಂಥ ಏಳು ಜನರಲ್ಲಿ ಒಬ್ಬನಾಗಿ ಹಲವು ಹೇಳಿಕೆಗಳನ್ನು ತಡೆದು ಹಿಡಿದವನು. ನಮ್ಮ ಭಯವೂ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನು ತಿಳಿಸಬೇಕಾಗಿದೆ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾಯಿತು. ಎರಡು ದಿನಗಳ ನಂತರ ಗಂಟೆಗೆ 1,200 ಮಿಲಿರೆಮ್ ಎಂಬ ವಿಕಿರಣದ ಅಳತೆಯೊಂದು ವಾಷಿಂಗ್‌ಟನ್ ತಲುಪಿತು. ಅದನ್ನು ಅಳೆದದ್ದು ಸ್ಥಾವರದ ಚಿಮಣಿಯ ನೇರ ಮೇಲೆ, ಹೆಲಿಕಾಪ್ಟರಿನಿಂದ. ಅಣುಶಕ್ತಿ ನಿಯಂತ್ರಣ ಆಯೋಗದ ಕೇಂದ್ರ ಕಚೇರಿಯಲ್ಲಿದ್ದವರು ಅದು ಸ್ಥಾವರದ ಹೊರಗೆ, ಜನವಸತಿಯ ಮಟ್ಟದ್ದು ಎಂದು ಭಾವಿಸಿ ಜನರನ್ನು ತೆರವು ಮಾಡಿಸಬೇಕೆಂದು ಶಿಫಾರಸು ಮಾಡಿದರು. ಅಂಕಿ ಸರಿಯಾಗಿತ್ತು, ಅಳೆದ ಜಾಗದ ಹೆಸರು ಅದರ ಜೊತೆ ಪ್ರಯಾಣ ಮಾಡಿರಲಿಲ್ಲ. ಆ ದಿನಗಳಲ್ಲಿ ಸುಮಾರು 1,40,000 ಜನ ಮನೆ ಬಿಟ್ಟು ಹೊರಟರು. ಕಂಪನಿ ಒಂದು, ರಾಜ್ಯ ಸರ್ಕಾರ ಇನ್ನೊಂದು, ನಿಯಂತ್ರಣ ಆಯೋಗ ಮತ್ತೊಂದು ಹೇಳುತ್ತಿದ್ದ ಆ ಗೊಂದಲ ತಹಬಂದಿಗೆ ಬಂದದ್ದು ಅಧ್ಯಕ್ಷ ಕಾರ್ಟರ್ ಅವರು ಹೆರಾಲ್ಡ್ ಡೆಂಟನ್ ಎಂಬ ಅಧಿಕಾರಿಯನ್ನು ಸ್ಥಳಕ್ಕೆ ಕಳುಹಿಸಿ, ತಾಂತ್ರಿಕ ವಿಷಯಗಳನ್ನು ಅವರೊಬ್ಬರೇ ಹೇಳುವಂತೆ ಮಾಡಿದ ಮೇಲೆ. ಹಾಗಾಗಿ ನನ್ನ ಸಲಹೆ: ಯಾವ ಅಂಕಿಯೇ ಆಗಲಿ, ಅದನ್ನು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಹೇಳಿದರು ಎಂಬ ಮೂರು ವಿವರಗಳಿಲ್ಲದೆ ಹೇಳಿಕೆಯೊಳಗೆ ಬರಬಾರದು.

ತಪ್ಪಿದರೆ ತಿದ್ದಿಕೊಳ್ಳುವ ವಿಷಯದಲ್ಲಿ ಬೆಳಗಿನಪಾಳಿಯವರ ಮಾತು ನಿಜ. 1982ರಲ್ಲಿ ಷಿಕಾಗೊ ಸುತ್ತಮುತ್ತ ಸಯನೈಡ್ ಬೆರೆತ ಟೈಲೆನಾಲ್ ಮಾತ್ರೆ ನುಂಗಿ ಏಳು ಜನ ಸತ್ತಾಗ, ಜಾನ್ಸನ್ ಆ್ಯಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಕಾರ್ಖಾನೆಯಲ್ಲಿ ಸಯನೈಡ್ ಇಲ್ಲವೇ ಇಲ್ಲ ಎಂದು ಕಂಪನಿ ಮೊದಲು ಹೇಳಿ, ಗುಣಮಟ್ಟದ ಪರೀಕ್ಷೆಗಾಗಿ ಸ್ವಲ್ಪ ಇದೆಯೆಂದು ತಿಳಿದ ಕೂಡಲೇ ತನ್ನ ಮಾತನ್ನು ತಾನೇ ತಿದ್ದಿಕೊಂಡದ್ದನ್ನು ಹೇಳುವವರು ಕಡಿಮೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಸಹಾನುಭೂತಿ ತೋರಿದರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂಬ ಅಂಜಿಕೆ ನಮ್ಮ ವೃತ್ತಿಯವರಲ್ಲಿ ಬೇರೂರಿದೆ. ನೋವಿನಲ್ಲಿರುವವರ ಜೊತೆ ನಿಲ್ಲುವ ಮಾತು ಬೇರೆ, ಹೊಣೆ ಒಪ್ಪುವ ಮಾತು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲೇ ಈ ವ್ಯತ್ಯಾಸವನ್ನು ಕಾನೂನಿನಲ್ಲಿ ಗುರುತಿಸಿತು. ಮುಂದೆ ಅಲ್ಲಿನ ಬಹಳಷ್ಟು ರಾಜ್ಯಗಳು ಅದನ್ನು ಅನುಸರಿಸಿದವು. ನಿಮ್ಮ ಅಚ್ಚುಗಳನ್ನು ಈಗಲೇ ವಕೀಲರ ಮುಂದಿಟ್ಟು, ಯಾವ ವಾಕ್ಯ ಹೇಳಬಹುದು, ಯಾವುದು ಬೇಡ ಎಂದು ತೀರ್ಮಾನ ಮಾಡಿಸಿಕೊಳ್ಳಿ. ಬಿಡುವಿನಲ್ಲಿ ಒಪ್ಪಿದ ವಾಕ್ಯವನ್ನು ಅವಸರದಲ್ಲಿ ಮತ್ತೆ ಓದಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಕಾನೂನಿನ ಗಡುವುಗಳನ್ನೂ ಅದೇ ಪುಟದ ಹಿಂಬದಿಯಲ್ಲಿ ಬರೆದಿಡಿ: ವೈಯಕ್ತಿಕ ಮಾಹಿತಿ ಸೋರಿದರೆ ಐರೋಪ್ಯ ಒಕ್ಕೂಟದಲ್ಲಿ ಪ್ರಾಧಿಕಾರಕ್ಕೆ 72 ಗಂಟೆಯೊಳಗೆ ತಿಳಿಸಬೇಕು, ಭಾರತದಲ್ಲಿ ಸೈಬರ್ ಘಟನೆಗಳನ್ನು ಸರ್ಟ್-ಇನ್ ಎಂಬ ಸರ್ಕಾರಿ ಸೈಬರ್ ಸುರಕ್ಷತಾ ಸಂಸ್ಥೆಗೆ ತಿಳಿಸಲು 6 ಗಂಟೆ ಮಾತ್ರ.

---

ನೇರಮಾತು:

ನಾನು ಬಹುಕಾಲ ದೊಡ್ಡ ಆಸ್ಪತ್ರೆಯೊಂದರ ವಿಚಾರಣಾ ಕೌಂಟರಿನಲ್ಲಿ ಕೆಲಸ ಮಾಡಿದ್ದೇನೆ. ಪ್ರಶ್ನೆ ಕೇಳಿದವರು ಪತ್ರಿಕಾ ಹೇಳಿಕೆಯಿಂದ ಆರಂಭಿಸಿ ಗೇಟಿನಲ್ಲಿ ನಿಂತ ಹೆಣ್ಣುಮಗಳಿಗೆ ಬಂದರು. ಸಿದ್ಧತೆ ಅದಕ್ಕೆ ತಿರುಗಾಮುರುಗ ಇರಬೇಕು. ಮೊದಲು ಅವರು, ಆಮೇಲೆ ಸಿಬ್ಬಂದಿ, ಆಮೇಲೆ ನೆರೆಹೊರೆಯವರು, ಕೊನೆಗೆ ಪತ್ರಿಕೆಯವರು. ಮನೆಯವರಿಗೆ ತಿಳಿಯುವ ಮುನ್ನ ಟಿವಿಯವರಿಗೆ ತಿಳಿದರೆ ಆ ಗಾಯ ಮಾಯುವುದಿಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿದಾಗ, ಸುತ್ತಲಿನ ಜನರಿಗೆ ಕೇಳಿಸಬೇಕಾದ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು. ಸಣ್ಣಪುಟ್ಟ ಸೋರಿಕೆಗೆಲ್ಲ ಊರು ಗಾಬರಿಯಾಗಬಾರದೆಂದು ಅಲ್ಲಿ ಹಾಗೆ ನಿಯಮವಿತ್ತು. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿಯಬೇಕೆಂದು ಆ ಬಡಾವಣೆಗಳಲ್ಲಿ ಯಾರೂ ಮೊದಲೇ ಹೇಳಿರಲಿಲ್ಲ. ಬಂದ ರೋಗಿಗಳಿಗೆ ತಗಲಿದ್ದು ಯಾವ ಅನಿಲ, ಚಿಕಿತ್ಸೆ ಏನು ಎಂಬುದು ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಜನ ಗಾಬರಿಯಾಗುತ್ತಾರೆ ಎಂಬ ಕಾರಣ ಕೊಟ್ಟು ಯಾರಾದರೂ ಮಾಹಿತಿ ತಡೆಯಲು ಹೊರಟಾಗಲೆಲ್ಲ ನನಗೆ ಆ ಸೈರನ್ ನೆನಪಾಗುತ್ತದೆ.

ಇನ್ನು ಭಾಷೆ. 2014ರ ಮಾರ್ಚ್ 24ರಂದು, ಕಾಣೆಯಾದ ಎಂಎಚ್370 ವಿಮಾನದಲ್ಲಿದ್ದವರಾರೂ ಬದುಕಿಲ್ಲವೆಂಬ ಸುದ್ದಿಯನ್ನು ಮಲೇಷ್ಯಾ ಏರ್‌ಲೈನ್ಸ್ ಕೆಲವು ಕುಟುಂಬಗಳಿಗೆ ಇಂಗ್ಲಿಷಿನ ಎಸ್‌ಎಂಎಸ್ ಮೂಲಕ ಕಳುಹಿಸಿತು. ಪ್ರಯಾಣಿಕರಲ್ಲಿ ಹೆಚ್ಚಿನವರು ಚೀನೀಯರಾಗಿದ್ದರು. ಸುದ್ದಿ ಬೇಗ ತಲುಪಲಿ ಎಂಬ ಉದ್ದೇಶ ಅದರ ಹಿಂದೆ ಇದ್ದಿರಬಹುದು, ಆದರೆ ಅದನ್ನು ಹೇಳಿದ ರೀತಿಯನ್ನು ಜಗತ್ತು ಇಂದಿಗೂ ಮರೆತಿಲ್ಲ. ನಿಮ್ಮ ಸಿಬ್ಬಂದಿ ಮನೆಯಲ್ಲಿ ಆಡುವ ಭಾಷೆಗಳ ಪಟ್ಟಿ ಮಾಡಿ, ಅಚ್ಚುಗಳನ್ನು ಅಷ್ಟೂ ಭಾಷೆಗಳಲ್ಲಿ ಈಗಲೇ ಬರೆಸಿಡಿ.

ಕನ್ನಡದಲ್ಲಿ ಬರೆಯುವಾಗ ನಮ್ಮ ಕಡತಗಳ ಶೈಲಿ ಕೈಗೆ ತಾನಾಗಿ ಬಂದುಬಿಡುತ್ತದೆ. “ಅವಘಡ ಸಂಭವಿಸಿರುತ್ತದೆ”, “ಸೂಕ್ತ ಕ್ರಮ ಕೈಗೊಳ್ಳಲಾಗುವುದು”, “ಪರಿಶೀಲಿಸಲಾಗುತ್ತಿದೆ”, “ವಿಷಾದಿಸಲಾಗಿದೆ”. ಈ ವಾಕ್ಯಗಳಲ್ಲಿ ಕೆಲಸ ಇದೆ, ಮಾಡುವವರಿಲ್ಲ. ‘-ಲಾಗುವುದು’ ಎಂದು ಮುಗಿಯುವ ಪ್ರತಿಯೊಂದು ಕ್ರಿಯಾಪದವನ್ನೂ ಗುರುತು ಹಾಕಿ, ಅಲ್ಲಿ ‘ನಾವು’ ಎಂದು ಸೇರಿಸಿ ನೋಡಿ. “ಗಾಯಗೊಂಡ ಇಬ್ಬರ ಜೊತೆ ನಮ್ಮ ಅಧಿಕಾರಿಯೊಬ್ಬರು ಆಸ್ಪತ್ರೆಯಲ್ಲಿದ್ದಾರೆ, ಚಿಕಿತ್ಸೆಯ ವೆಚ್ಚವನ್ನು ನಾವು ಭರಿಸುತ್ತೇವೆ” ಎಂದು ಬರೆಯಲು ಕೈ ನಡುಗಿದರೆ, ನಿಜವಾಗಿ ಆ ಅಧಿಕಾರಿಯನ್ನು ಕಳುಹಿಸಿಲ್ಲ, ವೆಚ್ಚದ ತೀರ್ಮಾನವನ್ನೂ ಮಾಡಿಲ್ಲ ಎಂದರ್ಥ. ಮೊದಲು ಆ ಕೆಲಸ ಮಾಡಿ, ವಾಕ್ಯ ಆಮೇಲೆ ಸಲೀಸಾಗಿ ಬರುತ್ತದೆ.

ಗೇಟಿನ ಕಾವಲುಗಾರರಿಗೆ, ಫೋನ್ ಎತ್ತುವವರಿಗೆ, ಕ್ಯಾಂಟೀನಿನವರಿಗೆ, ಗುತ್ತಿಗೆ ಕಾರ್ಮಿಕರ ಮೇಸ್ತ್ರಿಗಳಿಗೆ ಅಂಗೈಯಗಲದ ಒಂದು ಕಾರ್ಡು ಮಾಡಿಕೊಡಿ. “ನನಗೆ ತಿಳಿದಿರುವುದು ಇಷ್ಟು. ನಿಮ್ಮವರ ಹೆಸರು, ವಿಭಾಗ, ನಿಮ್ಮ ನಂಬರು ಬರೆದುಕೊಳ್ಳುತ್ತೇನೆ. ಅರ್ಧ ಗಂಟೆಯೊಳಗೆ ನಿಮಗೆ ಒಬ್ಬರು ಕರೆ ಮಾಡುತ್ತಾರೆ. ಅಲ್ಲಿಯವರೆಗೆ ಈ ಕೋಣೆಯಲ್ಲಿ ಕುಳಿತಿರಿ.” ಕರೆ ಮಾಡುವ ಆ ಒಬ್ಬರು ಯಾರೆಂಬುದೂ, ಕುಳಿತುಕೊಳ್ಳುವ ಕೋಣೆ ಯಾವುದೆಂಬುದೂ ಮೊದಲೇ ನಿಗದಿಯಾಗಿರಬೇಕು. ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ವಿಚಾರಿಸಿ.

---

ಹೊಸಪುಟ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ‘-ಲಾಗುವುದು’ ಪರೀಕ್ಷೆಯನ್ನು ನಮ್ಮ ಹಳೆಯ ಹೇಳಿಕೆಯ ಮೇಲೆ ಮಾಡಿ ನೋಡಿದೆ. ಆರು ಸಾಲಿನಲ್ಲಿ ಐದು ಕಡೆ ಸಿಕ್ಕಿತು. ಇನ್ನೊಂದು ಅನುಮಾನವಿದೆ. ನಮ್ಮ ಕೈಪಿಡಿ, ಫೋನ್ ಪಟ್ಟಿ, ಅಚ್ಚುಗಳು ಎಲ್ಲವೂ ಕಚೇರಿಯ ಸರ್ವರಿನಲ್ಲಿರುತ್ತವೆ. ತೊಂದರೆ ಸರ್ವರಿಗೇ ಬಂದರೆ ಏನು ಮಾಡಬೇಕು?

---

ತಂತಿಜಾಲ:

ನಾನು ನೆಟ್‌ವರ್ಕ್ ನಿರ್ವಹಣೆಯಲ್ಲಿರುವವನು. ಅನುಮಾನ ಸರಿಯಾಗಿದೆ, ಉತ್ತರ ಸರಳವಾಗಿದೆ: ಕಾಗದ.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ದಾಳಿಯಲ್ಲಿ ಹಡಗು ಸಾಗಣೆಯ ಮೆರ್ಸ್ಕ್ ಕಂಪನಿಯ ಇ-ಮೇಲ್ ಮಾತ್ರವಲ್ಲದೆ ಕಚೇರಿಯ ಫೋನ್‌ಗಳೂ ನಿಂತವು. ಸಿಬ್ಬಂದಿ ತಮ್ಮ ತಮ್ಮ ಮೊಬೈಲಿನ ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರೊಂದಿಗೆ ವ್ಯವಹರಿಸಬೇಕಾಯಿತು. ಸುಮಾರು 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹತ್ತು ದಿನಗಳಲ್ಲಿ ಮತ್ತೆ ಕಟ್ಟಿದೆವೆಂದು ಕಂಪನಿಯ ಅಧ್ಯಕ್ಷರು ಆಮೇಲೆ ಹೇಳಿದರು. ಆ ಹತ್ತು ದಿನ ಮಾತನಾಡಲು ಬೇಕಾದ ನಂಬರುಗಳು ಸರ್ವರಿನೊಳಗೇ ಸಿಕ್ಕಿಬಿದ್ದಿದ್ದರೆ ಏನಾಗುತ್ತದೆಂದು ಯೋಚಿಸಿ.

2019ರ ಮಾರ್ಚ್ 19ರಂದು ಅಲ್ಯೂಮಿನಿಯಂ ತಯಾರಿಸುವ ನಾರ್ಸ್ಕ್ ಹೈಡ್ರೊ ಇಂಥದೇ ದಾಳಿಗೆ ತುತ್ತಾಯಿತು. ಜಾಲತಾಣ ನಿಂತಿತ್ತಾದ್ದರಿಂದ ಅವರು ಫೇಸ್‌ಬುಕ್ಕಿನಲ್ಲಿ ಮಾಹಿತಿ ಕೊಟ್ಟರು, ಅದೇ ದಿನ ಪತ್ರಿಕಾಗೋಷ್ಠಿ ನಡೆಸಿದರು. ಕಂಪ್ಯೂಟರನ್ನು ನೆಟ್‌ವರ್ಕಿಗೆ ಜೋಡಿಸಬೇಡಿ ಎಂದು ಬರೆದ ಕಾಗದವನ್ನು ಕಚೇರಿಯ ಬಾಗಿಲಿಗೆ ಅಂಟಿಸಿದರು. ಸಿಬ್ಬಂದಿ ಒಳಗೆ ಕಾಲಿಡುವ ಮುನ್ನ ಓದಲೇಬೇಕಾದ ಜಾಗ ಅದು. ಅಂಥ ಜಾಗಗಳು ನಿಮ್ಮಲ್ಲಿ ಎಲ್ಲೆಲ್ಲಿವೆ ಎಂದು ಒಮ್ಮೆ ನಡೆದಾಡಿ ಗುರುತು ಮಾಡಿಕೊಳ್ಳಿ.

64 ಪುಟವನ್ನು ನಾಲ್ಕು ಪುಟಕ್ಕೆ ಇಳಿಸಿ, ಮುದ್ರಿಸಿ, ಪ್ರತಿಯೊಬ್ಬ ಬದಲಿ ವಕ್ತಾರರ ಮನೆಯಲ್ಲೂ ಒಂದು ಪ್ರತಿ ಇರಿಸಿ. ಮುದ್ರಿಸಿದ ತಾರೀಖು ಪ್ರತಿ ಪುಟದ ತಲೆಯಲ್ಲಿ ದಪ್ಪಕ್ಷರದಲ್ಲಿರಲಿ, ಮೂರು ತಿಂಗಳಿಗೊಮ್ಮೆ ಹಳೆಯದನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಡಿ. ಕಚೇರಿಯ ಜಾಲಕ್ಕೆ ಸೇರದ ಒಂದು ಮೊಬೈಲ್ ಸಂಖ್ಯೆ ಮತ್ತು ಒಂದು ಇ-ಮೇಲ್ ಖಾತೆಯನ್ನು ಈಗಲೇ ಮಾಡಿಸಿ, ಅದು ಸಂಸ್ಥೆಯದೇ ಎಂದು ಸಿಬ್ಬಂದಿಗೆ ಮೊದಲೇ ತಿಳಿಸಿರಿ. ಇಲ್ಲದಿದ್ದರೆ ಅಂದಿನ ದಿನ ಅದನ್ನೂ ವಂಚಕರ ಸಂದೇಶವೆಂದೇ ತಿಳಿಯುತ್ತಾರೆ. ಸಾಮಾಜಿಕ ಜಾಲತಾಣದ ಖಾತೆಗಳ ಪಾಸ್‌ವರ್ಡ್ ಇಬ್ಬರ ಬಳಿಯಾದರೂ ಇರಬೇಕು. ಲಾಗಿನ್‌ಗೆ ಬರುವ ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ ಎಂಬುದನ್ನು ಇವತ್ತೇ ಪರೀಕ್ಷಿಸಿ. ಕೆಲಸ ಬಿಟ್ಟು ಹೋದವರ ನಂಬರಿಗೆ ಹೋಗುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

---

ಬೆಳಗಿನಪಾಳಿ:

ಪಳಗಿಸುವುದು ಹೇಗೆಂಬ ಮೂರನೆಯ ಪ್ರಶ್ನೆ ಉಳಿದುಹೋಗಿದೆ. ಅಣಕು ಕಾರ್ಯಾಚರಣೆ ಎಂದರೆ ಎಲ್ಲರೂ ಮೈದಾನದಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮರಳುವುದಾಗಿಬಿಟ್ಟಿದೆ. ಮಾತಿನ ಅಣಕು ಬೇರೆ ಬಗೆಯದು. ನಾಲ್ಕೈದು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ, ಘಟನೆಯನ್ನು ಚೀಟಿಗಳಲ್ಲಿ ತುಂಡು ತುಂಡಾಗಿ, ಹತ್ತು ನಿಮಿಷಕ್ಕೊಂದರಂತೆ ಕೊಡುತ್ತ ಹೋಗಿ. ಮೊದಲ ಚೀಟಿಯಲ್ಲಿ “ಹೊಗೆ ಕಾಣುತ್ತಿದೆ” ಎಂದಷ್ಟೇ ಇರಲಿ. ಎರಡನೆಯದರಲ್ಲಿ ವರದಿಗಾರರ ಕರೆ. ಮೂರನೆಯದರಲ್ಲಿ, ಮೊದಲು ಹೇಳಿದ ಜಾಗದ ಹೆಸರು ತಪ್ಪು ಎಂಬ ಸುದ್ದಿ. ನಾಲ್ಕನೆಯದರಲ್ಲಿ ಮನೆಯವರೊಬ್ಬರ ಅಳು. ಅದನ್ನು ಚೀಟಿಯಲ್ಲಿ ಬರೆಯದೆ ಯಾರಾದರೂ ನಿಜವಾಗಿ ಫೋನ್ ಮಾಡಿ ಮಾತನಾಡಲಿ. ಗಡಿಯಾರ ಹಿಡಿದ ಒಬ್ಬರು ಮೊದಲ ಹೇಳಿಕೆ ಹೊರಬರಲು ಎಷ್ಟು ನಿಮಿಷವಾಯಿತು, ಎಷ್ಟು ಕೈ ದಾಟಿತು ಎಂದು ಬರೆದುಕೊಳ್ಳುತ್ತ ಇರಬೇಕು.

ನಾವು ಮೊದಲ ಸಲ ಹೀಗೆ ಮಾಡಿದಾಗ 52 ನಿಮಿಷ ಹಿಡಿಯಿತು. ಅದರಲ್ಲಿ 20 ನಿಮಿಷ ‘ಸ್ಫೋಟ’ ಎನ್ನಬೇಕೋ ‘ಭಾರಿ ಸದ್ದು’ ಎನ್ನಬೇಕೋ ಎಂಬ ಚರ್ಚೆಯಲ್ಲೇ ಹೋಯಿತು. ಅಂದೇ ಕುಳಿತು ಯಾವ ಘಟನೆಗೆ ಯಾವ ಪದವೆಂದು ಪಟ್ಟಿ ಮಾಡಿಕೊಂಡೆವು. ಎರಡನೆಯ ಸಲ ಉಳಿದವರಿಗೆ ಗೊತ್ತಾಗದಂತೆ ವಕ್ತಾರರ ಫೋನನ್ನು ಸ್ವಿಚ್ ಆಫ್ ಮಾಡಿಸಿ ಕೂರಿಸಿದೆವು; ಬದಲಿಯವರಿಗೆ ತಾವೇ ಬದಲಿ ಎಂಬುದು ಗೊತ್ತಿರಲಿಲ್ಲ. ಇಂಥ ಸಂಗತಿಗಳು ಕೈಪಿಡಿಯನ್ನು ಎಷ್ಟು ಸಲ ಓದಿದರೂ ಹೊರಬೀಳುವುದಿಲ್ಲ. ತಪ್ಪಿದವರನ್ನು ದಯವಿಟ್ಟು ಗದರಿಸಬೇಡಿ, ಮುಂದಿನ ಸಲ ಅವರು ಬಾಯಿಯೇ ಬಿಡುವುದಿಲ್ಲ.

---

ಹೊಸಪುಟ:

ಒಂದು ಪುಟದ ಆದೇಶದ ಕರಡನ್ನು ನಿನ್ನೆ ನಿರ್ದೇಶಕರಿಗೆ ಕೊಟ್ಟೆ. ‘ಗಾಯಾಳುಗಳ ವಿವರ ಬೇಡ’ ಎಂಬ ಗಡಿಯನ್ನು ಓದಿದ ಮೇಲೆ ಅವರು ಹೆಚ್ಚು ಪ್ರಶ್ನೆ ಕೇಳದೆ ಸಹಿ ಹಾಕಿದರು. ಗೇಟಿನ ಪಕ್ಕದ ಕೋಣೆಯ ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸಿದೆ. ಸಂಜೆ ಐದರ ನಂತರ ಅದು ಆಡಳಿತ ಕಚೇರಿಯ ಡ್ರಾಯರಿನೊಳಗೆ ಸೇರುತ್ತದೆಯಂತೆ. ನಮ್ಮಲ್ಲಿ ಬೆಂಕಿ ಕಾಣಿಸಿಕೊಂಡದ್ದು ಆರೂವರೆಗೆ. ಇಂದಿನಿಂದ ಒಂದು ಬೀಗದ ಕೈ ಕಾವಲುಗಾರರ ಬಳಿ ಇರುತ್ತದೆ. ಮುಂದಿನ ವಾರದ ಮೊದಲ ಅಣಕಿನಲ್ಲಿ ಮೇಜಿನ ಸುತ್ತ ಕೂರುವ ಐವರಲ್ಲಿ ಅವರೂ ಒಬ್ಬರು. ಎಷ್ಟು ನಿಮಿಷವಾಯಿತೆಂದು ಇಲ್ಲೇ ಬಂದು ಬರೆಯುತ್ತೇನೆ.